ಹದಿನೈದನೇ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ನಾವು ಎಲ್ಲಿರ್ತೀವಿ? ಟೇಬಲ್ ಟೆನಿಸ್ ಆಡುವ ಮಕ್ಕಳ ಮನೆಯವರಿಗೊಂದು ಬಹಿರಂಗ ಪತ್ರ

ಟೇಬಲ್ ಟೆನಿಸ್ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೋಚ್‌ಗಳಿಗೆ, ಶಾಲೆಯ ಮೇಷ್ಟ್ರುಗಳಿಗೆ, ನಮ್ಮ ರಾಜ್ಯದಲ್ಲಿ ಟೂರ್ನಮೆಂಟ್ ನಡೆಸುವ ಹಿರಿಯರಿಗೆ ನಮಸ್ಕಾರ.

ಕಳೆದ ತಿಂಗಳು ಬೆಂಗಳೂರಿನ ಒಂದು ಟೂರ್ನಮೆಂಟ್‌ನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಐದನೇ ಗೇಮ್‌ನಲ್ಲಿ 9-11ರಿಂದ ಸೋತ. ಎದುರಾಳಿಯ ಕೈ ಕುಲುಕಿದ, ಅಂಪೈರ್ ಕೈ ಕುಲುಕಿದ, ಟವೆಲ್ ತಗೊಂಡು ಹೊರಗೆ ಬಂದ. ಕಾರಿಡಾರ್‌ನಲ್ಲಿ ಅವನ ಅಪ್ಪ ಕಾಯುತ್ತಿದ್ದರು. "ಎರಡು ಪಾಯಿಂಟ್. ಬರೀ ಎರಡು ಪಾಯಿಂಟ್ ಕಣೋ. ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?" ಹುಡುಗ ತಲೆ ಎತ್ತಲಿಲ್ಲ. ಬ್ಯಾಟಿನ ಅಂಚಿಗೆ ಸುತ್ತಿದ್ದ ಟೇಪನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಕೀಳುತ್ತಾ ನಿಂತಿದ್ದ. ಅಪ್ಪನ ಮಾತು ಮುಗಿಯುವ ಹೊತ್ತಿಗೆ ಟೇಪು ಪೂರ್ತಿ ಕಿತ್ತು ಬಂದಿತ್ತು.

ಆ ಅಪ್ಪನನ್ನು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದವನು. ನನ್ನ ಮಗಳು ಅಂಡರ್-13 ಆಡುತ್ತಾಳೆ. ಹೋದ ವರ್ಷ ಗೆಲ್ಲಬೇಕಿದ್ದ ಒಂದು ಮ್ಯಾಚ್ ಸೋತಳು. ಸ್ಟೇಡಿಯಂನಿಂದ ಮನೆಗೆ ನಲವತ್ತು ನಿಮಿಷದ ದಾರಿ. ನಾನು ಒಂದು ಮಾತೂ ಆಡಲಿಲ್ಲ. ಅವಳು ಹಿಂದಿನ ಸೀಟಿನಲ್ಲಿ ಕಿಟ್ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಮನೆ ಮುಟ್ಟಿದ ಮೇಲೆ "ಅಪ್ಪಾ, ನಾಳೆಯಿಂದ ಬೆಳಿಗ್ಗೆ ಇನ್ನೂ ಬೇಗ ಏಳ್ತೀನಿ" ಅಂದಳು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು.

ಅವತ್ತಿನಿಂದ ನನ್ನ ತಲೆಯಲ್ಲಿ ಒಬ್ಬ ಜಪಾನಿ ಹುಡುಗನ ಕಥೆ ಸುತ್ತುತ್ತಿದೆ. ಟೊಮೊಕಾಜು ಹರಿಮೊಟೊ. ಟೇಬಲ್ ಟೆನಿಸ್ ನೋಡುವ ಮನೆಗಳಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ. ಆದರೆ ನಾವು ಮಕ್ಕಳಿಗೆ ಅವನ ಕಥೆಯ ಮೊದಲ ಅರ್ಧ ಮಾತ್ರ ಹೇಳುತ್ತೇವೆ. "ನೋಡು, ಹದಿನಾಲ್ಕಕ್ಕೇ ಚಾಂಪಿಯನ್ ಆದ." ಉಳಿದ ಅರ್ಧವನ್ನು ಹೇಳುವುದೇ ಇಲ್ಲ. ನನಗೆ ಆ ಉಳಿದರ್ಧವೇ ಮುಖ್ಯ. ಆದರೂ ಮೊದಲಿನಿಂದಲೇ ಬರುತ್ತೇನೆ.

ಹುಟ್ಟಿದ್ದು 2003ರ ಜೂನ್ 27ರಂದು, ಜಪಾನಿನ ಸೆಂಡೈ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಚೀನಾದ ಸಿಚುವಾನ್ ಪ್ರಾಂತ್ಯದವರು, ಇಬ್ಬರೂ ಟೇಬಲ್ ಟೆನಿಸ್ ಆಟಗಾರರು. ಅಮ್ಮ ಜಾಂಗ್ ಲಿಂಗ್ 1995ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚೀನಾ ಪರ ಆಡಿದವರು. ಅಪ್ಪ ಜಾಂಗ್ ಯು ಸೆಂಡೈಗೆ ಬಂದು ಮಕ್ಕಳ ಕ್ಲಬ್ಬಿನಲ್ಲಿ ಕೋಚ್ ಆದರು. ಹುಡುಗ ಎರಡು ವರ್ಷಕ್ಕೇ ಬ್ಯಾಟ್ ಹಿಡಿದ. ಟೇಬಲ್ಲಿನ ಎತ್ತರ 76 ಸೆಂಟಿಮೀಟರ್. ಎರಡು ವರ್ಷದ ಮಗುವಿಗೆ ಅದು ಹೆಚ್ಚುಕಡಿಮೆ ಗದ್ದದ ಮಟ್ಟ. 2014ರಲ್ಲಿ ಅವನು ಜಪಾನಿನ ಪ್ರಜೆಯಾದ. ಜಾಂಗ್ ಎನ್ನುವ ಮನೆಹೆಸರು ಹರಿಮೊಟೊ ಆಯಿತು.

ಜಪಾನಿನಲ್ಲಿ ಪ್ರೈಮರಿ ಶಾಲೆಯ ಮಕ್ಕಳಿಗೆ ರಾಷ್ಟ್ರಮಟ್ಟದ ಟೂರ್ನಮೆಂಟ್ ಇದೆ. ಚಿಕ್ಕವರ ವಿಭಾಗಕ್ಕೆ ಬಾಂಬಿ, ಆಮೇಲೆ ಕಬ್, ಆಮೇಲೆ ಹೋಪ್ಸ್ ಅಂತ ಹೆಸರು. ಹರಿಮೊಟೊ ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಆರೂ ವರ್ಷ ಗೆದ್ದ. ಹುಡುಗರಲ್ಲಿ ಅವನಿಗಿಂತ ಮುಂಚೆ ಯಾರೂ ಅದನ್ನು ಮಾಡಿರಲಿಲ್ಲ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಆ ಮನೆಯಲ್ಲಿ ಹೋಂವರ್ಕ್ ಮುಗಿಯದೆ ಬ್ಯಾಟ್ ಮುಟ್ಟುವ ಹಾಗಿರಲಿಲ್ಲ. ಅಮ್ಮನ ಕಟ್ಟುನಿಟ್ಟು ಅದು. ಶಾಲೆ ಇರುವ ದಿನಗಳಲ್ಲಿ ಪ್ರಾಕ್ಟೀಸ್ ಎರಡು ಗಂಟೆಯ ಆಸುಪಾಸು, ಅಷ್ಟೇ. ಹೌದು, ದೇಶದ ನಂಬರ್ ಒನ್ ಹುಡುಗನಿಗೆ ಎರಡು ಗಂಟೆ! ನಮ್ಮಲ್ಲಿ ಒಂಬತ್ತು ವರ್ಷದ ಮಕ್ಕಳನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಎರಡು ಗಂಟೆ, ಸಾಯಂಕಾಲ ಮತ್ತೆ ಮೂರು ಗಂಟೆ ಆಡಿಸಿ, ಊಟದ ತಟ್ಟೆ ಮುಂದೆ ತೂಕಡಿಸುವಂತೆ ಮಾಡುತ್ತೇವೆ. ಆ ಅಪ್ಪ ಅಮ್ಮ ಇಬ್ಬರೂ ಆಟವನ್ನೇ ಉಸಿರಾಡಿದವರು. ಜಾಸ್ತಿ ಆಡಿಸಿದರೆ ಜಾಸ್ತಿ ಬರುತ್ತದೆ ಅನ್ನುವ ಹಾಗಿದ್ದರೆ ಅದು ಅವರಿಗೆ ಗೊತ್ತಿರುತ್ತಿರಲಿಲ್ವಾ?

ಆಮೇಲೆ ಹುಡುಗ ಓಡಿದ ವೇಗ ನಿಮಗೆ ಗೊತ್ತೇ ಇದೆ. 2016ರ ಜೂನ್‌ನಲ್ಲಿ, 13 ತುಂಬಲು ಕೆಲವೇ ದಿನ ಇರುವಾಗ, ಜಪಾನ್ ಓಪನ್‌ನ ಅಂಡರ್-21 ಗೆದ್ದ. ಅದೇ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್. 2017ರ ಫೆಬ್ರುವರಿಯಲ್ಲಿ ನಮ್ಮ ದೆಹಲಿಗೇ ಬಂದಿದ್ದ. ಇಂಡಿಯಾ ಓಪನ್‌ನಲ್ಲಿ ಹದಿಮೂರರ ಹುಡುಗ ಫೈನಲ್ ತನಕ ಹೋಗಿ ಜರ್ಮನಿಯ ಒವ್ಚರೋವ್ ಎದುರು ಸೋತ. ಅದೇ ವರ್ಷ ಡಸೆಲ್‌ಡಾರ್ಫ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತನ್ನದೇ ದೇಶದ ಜುನ್ ಮಿಜುತಾನಿಯನ್ನು 4-1ರಿಂದ ಮನೆಗೆ ಕಳಿಸಿದ. ಮಿಜುತಾನಿ ಆಗಷ್ಟೇ ರಿಯೊ ಒಲಿಂಪಿಕ್ಸ್‌ನ ಕಂಚು ಕೊರಳಿಗೆ ಹಾಕಿಕೊಂಡಿದ್ದವರು. ಆಗಸ್ಟ್‌ನಲ್ಲಿ ಜೆಕ್ ಓಪನ್ ಫೈನಲ್‌ನಲ್ಲಿ ಜರ್ಮನಿಯ 36 ವರ್ಷದ ಟಿಮೊ ಬೋಲ್ ಎದುರು ಗೆಲುವು. ಆಗ ಅವನಿಗೆ 14 ವರ್ಷ 61 ದಿನ. 2018ರ ಜನವರಿಯಲ್ಲಿ ಆಲ್ ಜಪಾನ್, ಅಂದರೆ ಜಪಾನಿನ ರಾಷ್ಟ್ರೀಯ ಚಾಂಪಿಯನ್ ಪಟ್ಟ, ಮತ್ತೆ ಮಿಜುತಾನಿ ಎದುರೇ.

2018ರ ಜೂನ್‌ನಲ್ಲಿ ಕಿಟಕ್ಯೂಷುವಿನಲ್ಲಿ ನಡೆದ ಜಪಾನ್ ಓಪನ್ ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ. ಕ್ವಾರ್ಟರ್ ಫೈನಲ್‌ನಲ್ಲಿ ರಿಯೊ ಚಾಂಪಿಯನ್ ಮಾ ಲಾಂಗ್. ಫೈನಲ್‌ನಲ್ಲಿ ಲಂಡನ್ ಚಾಂಪಿಯನ್ ಜಾಂಗ್ ಜಿಕೆ. ಒಂದೇ ಟೂರ್ನಮೆಂಟ್‌ನಲ್ಲಿ ಇಬ್ಬರು ಒಲಿಂಪಿಕ್ ಚಾಂಪಿಯನ್ನರನ್ನು ಸೋಲಿಸಿದ. ಫೈನಲ್‌ನ ಏಳನೇ, ಕೊನೆಯ ಗೇಮ್ 13-11.

ಅವನ ಆಟ ನೋಡದವರಿಗೆ ಒಂದು ಹೊಡೆತದ ಬಗ್ಗೆ ಹೇಳಬೇಕು. ಎದುರಾಳಿ ನೆಟ್ ಹತ್ತಿರ ಚಿಕ್ಕದಾಗಿ ಸರ್ವ್ ಮಾಡಿದಾಗ ಸಾಮಾನ್ಯವಾಗಿ ನಾವು ಹುಷಾರಾಗಿ ತಳ್ಳಿ ವಾಪಸ್ ಹಾಕುತ್ತೇವೆ. ಹರಿಮೊಟೊ ತಳ್ಳುವುದಿಲ್ಲ. ಬಲಗಾಲನ್ನು ಟೇಬಲ್ ಕೆಳಗೆ ಇಡುತ್ತಾನೆ, ಮೊಣಕೈ ಮೇಲೆತ್ತುತ್ತಾನೆ, ಮಣಿಕಟ್ಟನ್ನು ಹೊಟ್ಟೆ ಕಡೆ ಪೂರ್ತಿ ಮಡಚುತ್ತಾನೆ. ಚೆಂಡು ಟೇಬಲ್ ಮೇಲೆ ಇರುವಾಗಲೇ ಬ್ಯಾಕ್‌ಹ್ಯಾಂಡ್‌ನಲ್ಲಿ ಸವರಿ ಚಿಮ್ಮಿಸುತ್ತಾನೆ. ಚೆಂಡು ಬಾಳೆಹಣ್ಣಿನ ಹಾಗೆ ಬಾಗಿ ಹೋಗುತ್ತದೆ. ಇದಕ್ಕೆ ಚಿಕಿಟಾ ಅಂತಾರೆ. ಇದನ್ನು ದೊಡ್ಡ ಅಸ್ತ್ರ ಮಾಡಿಕೊಂಡವರಲ್ಲಿ ಜಾಂಗ್ ಜಿಕೆ ಮುಖ್ಯ. ಅವತ್ತು ಟೇಬಲ್ಲಿನ ಆ ಕಡೆ ನಿಂತಿದ್ದವರೂ ಅವರೇ. ಪಾಯಿಂಟ್ ಬಂದಾಗಲೆಲ್ಲ ಹುಡುಗ ಮುಷ್ಟಿ ಬಿಗಿದು "ಚೊರೇ!" ಅಂತ ಕೂಗುತ್ತಿದ್ದ. ಆ ಕೂಗಿಗೆ ಅರ್ಥ ಏನೂ ಇಲ್ಲ. ಆದರೂ ಜಪಾನಿನ ಮಕ್ಕಳೆಲ್ಲ ಅದನ್ನು ಕಲಿತರು.

ಆ ಡಿಸೆಂಬರ್‌ನಲ್ಲಿ ಇಂಚಾನ್‌ನಲ್ಲಿ ವರ್ಲ್ಡ್ ಟೂರ್ ಗ್ರ್ಯಾಂಡ್ ಫೈನಲ್ಸ್. ಚೀನಾದ ಲಿನ್ ಗಾವೊಯುವಾನ್ ಎದುರು 4-1. ಹದಿನೈದು ವರ್ಷಕ್ಕೆ ಆ ಪಟ್ಟ ಗೆದ್ದ ಅತಿ ಚಿಕ್ಕವನು. ನಮ್ಮ ಪೇಪರ್‌ಗಳಲ್ಲಿ, ವಾಟ್ಸಾಪ್ ಗ್ರೂಪ್‌ಗಳಲ್ಲಿ ಅವನ ಕಥೆ ಇಲ್ಲಿಗೆ ಮುಗಿಯುತ್ತದೆ.

ನಾನು ಹೇಳಬೇಕು ಅಂದುಕೊಂಡಿದ್ದು ಇಲ್ಲಿಂದ ಶುರು.

2019ರ ಏಪ್ರಿಲ್, ಬುಡಾಪೆಸ್ಟ್, ವಿಶ್ವ ಚಾಂಪಿಯನ್‌ಷಿಪ್. ಪದಕ ಗ್ಯಾರಂಟಿ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಕೊನೆಯ ಹದಿನಾರು ಆಟಗಾರರ ಸುತ್ತಿನಲ್ಲಿ ಕೊರಿಯಾದ ಆನ್ ಜೆ-ಹ್ಯುನ್ ಎದುರಾದ. ಅವನ ರ‍್ಯಾಂಕಿಂಗ್ 157. ಹರಿಮೊಟೊ 2-4ರಿಂದ ಸೋತ. ಪತ್ರಕರ್ತರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಹದಿನೈದು ವರ್ಷದ ಹುಡುಗ, ಸುತ್ತ ಕ್ಯಾಮೆರಾ. ಆ ದೃಶ್ಯ ನೆನೆದರೆ ನನಗೆ ನಮ್ಮ ಕಾರಿಡಾರ್‌ನ ಹುಡುಗನ ನೆನಪಾಗುತ್ತದೆ.

ಎದುರಾಳಿಗಳು ಅವನ ಆಟವನ್ನು ಓದಿಬಿಟ್ಟಿದ್ದರು. ಬ್ಯಾಕ್‌ಹ್ಯಾಂಡ್ ಬೆಂಕಿ, ಸರಿ. ಹಾಗಾದರೆ ಫೋರ್‌ಹ್ಯಾಂಡ್ ಕಡೆ ದೂರಕ್ಕೆ ಎಳೆಯೋಣ, ಆಮೇಲೆ ಹೊಟ್ಟೆಯ ನೇರಕ್ಕೆ ಹೊಡೆಯೋಣ. ಬೆಳೆಯುವ ವಯಸ್ಸು ಬೇರೆ. ಹದಿಮೂರರಲ್ಲಿ ಕಲಿತ ಕಾಲಿನ ಲೆಕ್ಕಾಚಾರ ಹದಿನಾರರ ಮೈಗೆ ಒಗ್ಗುವುದಿಲ್ಲ. ಗೆಲುವು ಪೂರ್ತಿ ನಿಂತಿತ್ತು ಅಂತಲ್ಲ. 2019ರ ಕೊನೆಗೆ ವಿಶ್ವಕಪ್‌ನಲ್ಲಿ ಮತ್ತೆ ಮಾ ಲಾಂಗ್ ಎದುರು ಗೆದ್ದು ಫೈನಲ್ ಆಡಿದ. ಆದರೆ ದೊಡ್ಡ ದಿನಗಳಲ್ಲಿ ಕೊನೆಯ ಗೇಮ್ ಕೈಜಾರುತ್ತಿತ್ತು. 2020ರ ಆಲ್ ಜಪಾನ್ ಫೈನಲ್‌ನಲ್ಲಿ ಯುಕಿಯಾ ಉಡಾ ಎದುರು 3-4.

2021, ಟೋಕಿಯೊ ಒಲಿಂಪಿಕ್ಸ್. ಸ್ವಂತ ದೇಶ, ಮೂರನೇ ಶ್ರೇಯಾಂಕ. ಕೋವಿಡ್ ಅಂತ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಸ್ಲೊವೇನಿಯಾದ ಡಾರ್ಕೊ ಯೋರ್ಗಿಚ್ ಎದುರು ಏಳನೇ ಗೇಮ್ ಸೋತ. ಅದೇ ಒಲಿಂಪಿಕ್ಸ್‌ನಲ್ಲಿ ಮಿಜುತಾನಿ ಮತ್ತು ಮಿಮಾ ಇಟೊ ಮಿಕ್ಸ್ಡ್ ಡಬಲ್ಸ್ ಚಿನ್ನ ಗೆದ್ದು ಜಪಾನಿಗೆ ಟೇಬಲ್ ಟೆನಿಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದರು. ಹರಿಮೊಟೊ ತಂಡದ ಕಂಚಿಗೆ ದುಡಿದ.

ಅವನ ಮೇಲಿದ್ದ ಇನ್ನೊಂದು ಭಾರ ನಮ್ಮ ಮಕ್ಕಳಿಗೆ ಇಲ್ಲ. ಚೀನಾದಲ್ಲಿ ಕೆಲವರಿಗೆ ಅವನು ತಮ್ಮವರ ಮಗನಾಗಿದ್ದೂ ಜಪಾನಿನ ಕಡೆ ಸೇರಿದವನು. ಜಪಾನಿನಲ್ಲಿ ಕೆಲವರಿಗೆ ಹೊರಗಿನಿಂದ ಬಂದವರ ಮಗ. ಅವನ ಕೂಗನ್ನೂ ಬಿಡದೆ ಆಡಿಕೊಂಡರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2022ರ ಅಕ್ಟೋಬರ್ ನೋಡಿ. ವಿಶ್ವ ತಂಡ ಚಾಂಪಿಯನ್‌ಷಿಪ್ ಸೆಮಿಫೈನಲ್, ಚೀನಾ ಎದುರು ಜಪಾನ್. ಜಾಗ ಚೆಂಗ್ಡು. ಸಿಚುವಾನ್ ಪ್ರಾಂತ್ಯದ ರಾಜಧಾನಿ, ಅಂದರೆ ಅವನ ಅಪ್ಪ ಅಮ್ಮನ ಸೀಮೆ. ಹತ್ತೊಂಬತ್ತು ವರ್ಷದ ಹುಡುಗ ಅವತ್ತು ವಾಂಗ್ ಚುಚಿನ್ ಎದುರು 3-2, ಆಗಿನ ನಂಬರ್ ಒನ್ ಫ್ಯಾನ್ ಜೆಂಡಾಂಗ್ ಎದುರು 3-2 ಗೆದ್ದ. ಆದರೂ ತಂಡ 2-3ರಿಂದ ಸೋತಿತು. ತನ್ನ ಪಾಲಿನ ಎರಡೂ ಗೆದ್ದು, ಸೋತವರ ಸಾಲಿನಲ್ಲಿ ಹೋಗಿ ನಿಂತ.

2024ರ ಜನವರಿಯಲ್ಲಿ, ಸರಿಯಾಗಿ ಆರು ವರ್ಷದ ಮೇಲೆ, ಎರಡನೇ ಆಲ್ ಜಪಾನ್ ಪಟ್ಟ. ಎದುರಾಳಿ ಟೊಗಾಮಿಗೆ ಗೆಲ್ಲಲು ಒಂದೇ ಪಾಯಿಂಟ್ ಬೇಕಿದ್ದ ಸ್ಥಿತಿಯಿಂದ ಪಾರಾಗಿ ಗೆದ್ದ. ಆರು ವರ್ಷ! ಹದಿನಾಲ್ಕಕ್ಕೆ ಗೆದ್ದಿದ್ದನ್ನು ಮತ್ತೆ ಗೆಲ್ಲಲು ಇಪ್ಪತ್ತು ಆಗಬೇಕಾಯಿತು.

ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್ ಇನ್ನೂ ಕಷ್ಟದ್ದು. ಮಿಕ್ಸ್ಡ್ ಡಬಲ್ಸ್‌ನಲ್ಲಿ ಹಿನಾ ಹಯಾಟಾ ಜೊತೆ ಮೊದಲ ಸುತ್ತಿನಲ್ಲೇ ಉತ್ತರ ಕೊರಿಯಾ ಜೋಡಿ ಎದುರು ಸೋಲು. ಸಿಂಗಲ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ಯಾನ್ ಜೆಂಡಾಂಗ್ ಎದುರು ಮೊದಲು 2-0 ಮುಂದೆ, ಆಮೇಲೆ 3-2 ಮುಂದೆ, ಕೊನೆಗೆ 3-4. ಫ್ಯಾನ್ ಮುಂದೆ ಹೋಗಿ ಚಿನ್ನ ಗೆದ್ದರು. ತಂಡದ ಸೆಮಿಫೈನಲ್‌ನಲ್ಲಿ ಸ್ವೀಡನ್ ಎದುರು ಜಪಾನ್ 2-0 ಇದ್ದದ್ದು 2-2 ಆಯಿತು. ಐದನೇ ಪಂದ್ಯ ಹರಿಮೊಟೊದು. ಅಲ್ಲೂ ಎರಡು ಗೇಮ್ ಮುಂದಿದ್ದು ಸೋತ. ಕಂಚಿನ ಪಂದ್ಯ ಫ್ರಾನ್ಸ್ ಪಾಲಾಯಿತು. ತಂಗಿ ಮಿವಾ ಹದಿನಾರಕ್ಕೇ ಮಹಿಳಾ ತಂಡದ ಬೆಳ್ಳಿ ಹಿಡಿದು ವಾಪಸಾದಳು. ಅಣ್ಣ ಬರಿಗೈಲಿ.

ನೀವೇ ಹೇಳಿ, ಆಗಸ್ಟ್ 2024ರಲ್ಲಿ ನಮ್ಮ ಯಾವುದಾದರೂ ಸ್ಟೇಡಿಯಂನ ಮೆಟ್ಟಿಲ ಮೇಲೆ ಈ ಹುಡುಗನ ಬಗ್ಗೆ ಮಾತು ಬಂದಿದ್ದರೆ ಏನು ಅನ್ನುತ್ತಿದ್ದೆವು? "ಚಿಕ್ಕವನಿದ್ದಾಗ ಚೆನ್ನಾಗಿ ಆಡ್ತಿದ್ದ, ಈಗ ಮುಗೀತು ಬಿಡಿ." ಈ ಮಾತನ್ನು ಹದಿನಾರು ವರ್ಷದ ನಮ್ಮ ಮಕ್ಕಳ ಬಗ್ಗೆ, ಅವರ ಕಿವಿಗೆ ಬೀಳುವ ಹಾಗೆ ಆಡಿದ್ದನ್ನು ನಾನು ಕೇಳಿದ್ದೇನೆ.

ಎರಡೇ ತಿಂಗಳು. ಅಕ್ಟೋಬರ್‌ನಲ್ಲಿ ಅಸ್ತಾನಾದ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಚೀನಾದ ಲಿನ್ ಶಿಡಾಂಗ್ ಎದುರು 3-1. ಜಪಾನಿನ ಗಂಡಸೊಬ್ಬ ಆ ಸಿಂಗಲ್ಸ್ ಪಟ್ಟ ಗೆದ್ದಿದ್ದು 50 ವರ್ಷದ ಮೇಲೆ. 1974ರಲ್ಲಿ ಹಸೆಗಾವಾ ಗೆದ್ದಿದ್ದೇ ಕೊನೆ. 2025ರ ಆಗಸ್ಟ್‌ನಲ್ಲಿ ಜಪಾನಿನದೇ ಯೊಕೊಹಾಮಾದ ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಚಾಂಪಿಯನ್ಸ್ ಫೈನಲ್‌ನಲ್ಲಿ ವಾಂಗ್ ಚುಚಿನ್ ಎದುರು 4-2. ಈ ಸಲ ಕುರ್ಚಿಗಳು ಖಾಲಿ ಇರಲಿಲ್ಲ.

ಆ ವಾಂಗ್ ಚುಚಿನ್ ಹೆಸರಿಗೆ ನಮ್ಮ ಊರಿನ ನಂಟೂ ಇದೆ, ಸ್ವಲ್ಪ ಸುತ್ತಿಬಳಸಿ. 2018ರ ಅಕ್ಟೋಬರ್‌ನಲ್ಲಿ ಬ್ಯೂನಸ್ ಐರಿಸ್ ಯೂತ್ ಒಲಿಂಪಿಕ್ಸ್‌ನ ಹುಡುಗರ ಫೈನಲ್‌ನಲ್ಲಿ ಹರಿಮೊಟೊ ಸೋತಿದ್ದು ಇದೇ ವಾಂಗ್ ಎದುರು. ಅದೇ ಯೂತ್ ಒಲಿಂಪಿಕ್ಸ್‌ನಲ್ಲಿ ಹುಡುಗಿಯರ ಸೆಮಿಫೈನಲ್ ತನಕ ಹೋಗಿ, ಚೀನಾದ ಸನ್ ಯಿಂಗ್‌ಷಾ ಎದುರು ಸೋತು, ನಾಲ್ಕನೆಯವರಾಗಿ ಬಂದವರು ಬೆಂಗಳೂರಿನ ಅರ್ಚನಾ ಕಾಮತ್. ಮೂರು ತಿಂಗಳ ಮೇಲೆ, 18ನೇ ವಯಸ್ಸಿಗೆ, ರಾಷ್ಟ್ರೀಯ ಚಾಂಪಿಯನ್ ಆದರು. ಪ್ಯಾರಿಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಒಲಿಂಪಿಕ್ ಕ್ವಾರ್ಟರ್ ಫೈನಲ್ ಮುಟ್ಟಿದಾಗ ಜರ್ಮನಿ ಎದುರು ನಮಗೆ ಬಂದ ಒಂದೇ ಗೆಲುವು ಅವರದ್ದು. ಆಮೇಲೆ ಕೆಲವೇ ವಾರಗಳಲ್ಲಿ ಅವರು ಆಟ ಬಿಟ್ಟು ಓದಲು ಅಮೆರಿಕಕ್ಕೆ ಹೋದರು. ಆಗ 24 ವರ್ಷ. ಅವರ ನಿರ್ಧಾರದ ಮೇಲೆ ನನಗೆ ತುಂಬು ಗೌರವ ಇದೆ. ಓದು ಅವರಿಗೆ ಮೊದಲಿಂದಲೂ ಇಷ್ಟ, ಅದನ್ನು ಅವರೇ ಹೇಳಿದ್ದಾರೆ. ನನ್ನ ಕೊರಗು ಅವರ ಬಗ್ಗೆ ಅಲ್ಲ. ನಮ್ಮಲ್ಲಿ ಓದು ಮತ್ತು ಆಟದ ನಡುವೆ ಒಂದನ್ನು ಆರಿಸಿಕೊಳ್ಳಲೇಬೇಕಾದ ದಿನ ಪ್ರತಿ ಮಗುವಿಗೂ ಬರುತ್ತದೆ, ಅದೂ ಹತ್ತನೇ ಕ್ಲಾಸಿಗೇ. ಅದರ ಬಗ್ಗೆ.

ಹರಿಮೊಟೊ ಆರನೇ ಕ್ಲಾಸು ಮುಗಿಸಿ ಟೋಕಿಯೊಗೆ ಹೋದ. ಜಪಾನ್ ಒಲಿಂಪಿಕ್ ಸಮಿತಿಯ ಎಲೀಟ್ ಅಕಾಡೆಮಿ ಸೇರಿದ. 2008ರಲ್ಲಿ ಶುರುವಾದ ವ್ಯವಸ್ಥೆ ಅದು. ಮಕ್ಕಳು ತರಬೇತಿ ಕೇಂದ್ರದಲ್ಲೇ ಇರುತ್ತಾರೆ, ಆದರೆ ಹಗಲು ಹತ್ತಿರದ ಮಾಮೂಲಿ ಶಾಲೆಗೆ ಹೋಗುತ್ತಾರೆ. ಶಾಲೆ ಮುಗಿಸಿ ಬಂದು ಆಡುತ್ತಾರೆ. ಅವನು ಆಮೇಲೆ ವಾಸೆಡಾ ವಿಶ್ವವಿದ್ಯಾಲಯಕ್ಕೂ ಸೇರಿದ. 2018ರಿಂದ ಅಲ್ಲಿ ಟಿ-ಲೀಗ್ ಎನ್ನುವ ಟೇಬಲ್ ಟೆನಿಸ್ ಲೀಗ್ ಇದೆ, ಹಾಗಾಗಿ ಸೋತ ವಾರದ ಬೆನ್ನಿಗೇ ಆಡಲು ಇನ್ನೊಂದು ಮ್ಯಾಚ್ ಇರುತ್ತದೆ. ನಮಗೆ ಅಷ್ಟೆಲ್ಲ ನಾಳೆಯೇ ಆಗಲ್ಲ, ಗೊತ್ತು. ಆದರೆ ಕೆಲವು ಕೆಲಸಕ್ಕೆ ದುಡ್ಡೂ ಬೇಡ, ಕಟ್ಟಡವೂ ಬೇಡ.

ಟೂರ್ನಮೆಂಟ್ ನಡೆಸುವ ಹಿರಿಯರೇ, ವರ್ಷದ ಪಟ್ಟಿಯನ್ನು ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೇ ಕೊಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪ್ರಿಪರೇಟರಿ ವಾರಗಳಲ್ಲಿ ರ‍್ಯಾಂಕಿಂಗ್ ಮ್ಯಾಚ್ ಇಡಬೇಡಿ. ದಿನಾಂಕ ಹತ್ತು ದಿನ ಮುಂಚೆ ಗೊತ್ತಾದರೆ ರಜೆ ಯಾರ ಹತ್ತಿರ ಕೇಳೋದು? ನನ್ನ ಮಗಳ ಜೊತೆ ಆಡುತ್ತಿದ್ದ ಒಬ್ಬ ಹುಡುಗಿ, ಅವಳಿಗಿಂತ ಚೆನ್ನಾಗಿ ಆಡುತ್ತಿದ್ದವಳು, ಹೋದ ವರ್ಷ ಇದೇ ಕಾರಣಕ್ಕೆ ಬಿಟ್ಟಳು. ಅವಳ ಅಮ್ಮ ರಜೆಯ ಚೀಟಿ ಹಿಡಿದು ಶಾಲೆಯ ಆಫೀಸಿನ ಮುಂದೆ ಮೂರು ದಿನ ನಿಂತಿದ್ದರು. ಮೇಷ್ಟ್ರೇ, ತಪ್ಪಿದ ಟೆಸ್ಟನ್ನು ಮತ್ತೊಂದು ದಿನ ಬರೆಸಿದರೆ ಯಾರಿಗೂ ನಷ್ಟ ಇಲ್ಲ.

ಕೋಚ್‌ಗಳೇ, ಹತ್ತು ವರ್ಷದ ಮಗುವಿನ ಗೆಲುವನ್ನು ನಿಮ್ಮ ಬ್ಯಾನರ್ ಮೇಲೆ ಹಾಕಿ, ಬೇಡ ಅನ್ನಲ್ಲ. ಅದೇ ಮಗು ಹದಿನಾರಕ್ಕೆ ಮೊದಲ ಸುತ್ತಿನಲ್ಲಿ ಸೋಲುವಾಗಲೂ ಅದಕ್ಕೆ ಮಲ್ಟಿಬಾಲ್ (ಒಂದರ ಹಿಂದೊಂದು ಚೆಂಡು ಕೊಟ್ಟು ಆಡಿಸುವ ಅಭ್ಯಾಸ) ಹಾಕಲು ನಿಮ್ಮ ಹತ್ತಿರ ಅರ್ಧ ಗಂಟೆ ಇರಲಿ. ಫೋರ್‌ಹ್ಯಾಂಡ್ ತಿದ್ದಲು ಮೂರು ವರ್ಷ ಬೇಕು ಅನಿಸಿದರೆ ಮನೆಯವರಿಗೆ ಹಾಗೇ ಹೇಳಿ. ಮೂರು ತಿಂಗಳಲ್ಲಿ ಆಗುತ್ತೆ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ಅಪ್ಪ ಅಮ್ಮಂದಿರೇ, ನಾನು ನಿಮ್ಮಲ್ಲೇ ಒಬ್ಬ. ಒಂದು ಕಿಟ್‌ಗೆ, ರಬ್ಬರ್‌ಗೆ, ಊರೂರು ತಿರುಗಾಡುವ ರೈಲು ಟಿಕೆಟ್‌ಗೆ ಎಷ್ಟಾಗುತ್ತೆ ಅಂತ ನನಗೂ ಗೊತ್ತು. ಎಷ್ಟೋ ಮನೆಗಳಲ್ಲಿ ಬೇರೆ ಖರ್ಚು ತಡೆದು ಇದಕ್ಕೆ ಹಾಕುತ್ತಾರೆ. ಆ ಸಂಕಟ ಸುಳ್ಳಲ್ಲ. ಆದರೆ ಅದರ ಲೆಕ್ಕವನ್ನು ಸೋತು ಬಂದ ಮಗುವಿನ ಮುಂದೆ, ಅದೂ ಬೆವರು ಆರುವ ಮುಂಚೆ ಬಿಚ್ಚಬೇಡಿ. ಮೊದಲು ನೀರು ಕೊಡಿ. ಏನಾದರೂ ತಿನ್ನಿಸಿ. ಮ್ಯಾಚ್ ಬಗ್ಗೆ ಮಾತಾಡಬೇಕಾದರೆ ಮಾರನೇ ದಿನ ಅವರೇ ಶುರು ಮಾಡಲಿ. ನಾನು ಆರು ತಿಂಗಳಿಂದ ಹೀಗೆ ಮಾಡುತ್ತಿದ್ದೇನೆ. ಮೊದಮೊದಲು ನಾಲಿಗೆ ಕಚ್ಚಿಕೊಂಡು ಕೂರಬೇಕಾಗುತ್ತಿತ್ತು. ಈಗ ಕಾರಿನಲ್ಲಿ ಅವಳೇ ಹೇಳುತ್ತಾಳೆ, "ಅಪ್ಪಾ, 8-8ರಲ್ಲಿ ನಾನು ಯಾಕೆ ಉದ್ದ ಸರ್ವ್ ಹಾಕಿದೆ ಗೊತ್ತಾ?" ಅಂತ.

ಮುಂದಿನ ಶನಿವಾರ ಅವಳಿಗೆ ಮತ್ತೆ ಮ್ಯಾಚ್ ಇದೆ. ಗಣಿತದ ಹೋಂವರ್ಕ್ ಶುಕ್ರವಾರ ಸಂಜೆಯೇ ಮುಗಿಸುವುದು ಅಂತ ಮಾತಾಗಿದೆ. ಕಾರಿಡಾರ್‌ನ ಆ ಹುಡುಗನೂ ಬರಬಹುದು. ನನ್ನ ಬ್ಯಾಗಿನಲ್ಲಿ ಎರಡು ಸುರುಳಿ ಎಡ್ಜ್ ಟೇಪ್ ಇಟ್ಟುಕೊಂಡಿದ್ದೇನೆ, ಒಂದು ಅವನಿಗೆ.

ಇಂತಿ,
ಅಂಡರ್-13 ಆಡುವ ಹುಡುಗಿಯೊಬ್ಬಳ ಅಪ್ಪ,
ಬೆಂಗಳೂರು